ಆಚಾರ್ರ ಪಿಸ್ತೂಲು ರಿಪೇರಿಗೆ ಹೋಗಿಬಂದದ್ದು

ಹೋದ ವಾರ ನಾಗಮಂಗಲದ ಬಸ್ಸಿನ ಕಂಡಕ್ಟರು ನನ್ನ ಅಂಗಡಿಯ ಮುಂದೆ ನಿಂತು, "ನಿಮ್ಮ ಪಿಸ್ತೂಲಾಚಾರ್ರು ಹೋಗ್ಬುಟ್ರಂತೆ ಕಣಪ್ಪ" ಅಂದ. ನಲವತ್ತು ವರ್ಷ ಚಿನ್ನದ ಕೆಲಸ ಮಾಡಿ, ಕೊನೆಗಾಲಕ್ಕೆ ತಮ್ಮೂರು ನಾಗಮಂಗಲ ಸೇರಿದ್ದ ಮನುಷ್ಯ. ಸ್ವಂತ ಪಿಸ್ತೂಲು ಅವರ ಕೈಯಲ್ಲಿದ್ದದ್ದು ಒಂದು ಮಳೆಗಾಲ. ಆದರೂ ಹೆಸರಿಗೆ ಅಂಟಿಕೊಂಡದ್ದು ಚಿನ್ನವಲ್ಲ, ಪಿಸ್ತೂಲು. ಅಂಟಿಸಿದವನು ನಾನೇ. ಹಾಗಾಗಿ ಇದನ್ನು ಬರೆಯುವ ಕೆಲಸವೂ ನನ್ನ ತಲೆಗೇ ಬಂತು.

ನಾನು ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟವನು. ಕೆ.ಆರ್.ಪೇಟೆ ಕಡೆ ನಮಗೆ ಗದ್ದೆ ಇದೆ. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ, ಇವನನ್ನು ಗದ್ದೆಗೆ ಇಳಿಸಿದರೆ ಪೈರಿಗೇ ಕೆಟ್ಟದ್ದು ಎಂದು ನಮ್ಮಪ್ಪ ಈ ಅಂಗಡಿ ಹಾಕಿಕೊಟ್ಟರು. ಗಿರಾಕಿಗಳಿಗಿಂತ ಹೆಚ್ಚಾಗಿ ನನ್ನ ಅಂಗಡಿಗೆ ಬರುತ್ತಿದ್ದವರು ನಾನು ಮಾಡುವ ಅಣಕ ನೋಡುವವರು. ಗಣೇಶನ ಆರ್ಕೆಸ್ಟ್ರಾಗಳಲ್ಲಿ ಎರಡು ಹಾಡಿನ ನಡುವೆ ಮೈಕು ಕೊಡುತ್ತಿದ್ದರು. ಹೆಡ್‌ಮಾಸ್ಟರು, ಕಾಂಪೌಂಡರು, ಬಸ್ಸಿನಲ್ಲಿ ಚಿಲ್ಲರೆ ಇಲ್ಲ ಎನ್ನುವ ಕಂಡಕ್ಟರು, ಗೋಡೆ ಕಡೆ ತಿರುಗಿ ಬೈಯುವ ನಮ್ಮಪ್ಪ, ಯಾರನ್ನೂ ಬಿಟ್ಟವನಲ್ಲ. ಮೂರನೇ ಸಲ ಪರೀಕ್ಷೆ ಕಟ್ಟುತ್ತೇನೆಂದು ಮನೆಯಲ್ಲಿ ಹೇಳುವ ನನ್ನನ್ನೂ ಮಾಡಿ ತೋರಿಸುತ್ತಿದ್ದೆ. ಅದಕ್ಕೇ ಹೆಚ್ಚು ಚಪ್ಪಾಳೆ.

ಆಚಾರ್ರದು ಪಕ್ಕದ ಅಂಗಡಿ. ಅಂಗಡಿ ಎಂದರೆ ದೊಡ್ಡ ಮಾತು, ಕಾಲು ಚಾಚಿದರೆ ಹೆಬ್ಬೆರಳು ಬೀದಿಗೆ ಬರುವಷ್ಟು ಜಾಗ. ಅದರಲ್ಲಿ ಒಂದು ಕುಲುಮೆ, ಒಂದು ಇದ್ದಿಲ ಕುಂಡ, ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ, ಅದರ ಹಿಂದೆ ಅವರು, ಅವರ ಬೆನ್ನ ಹಿಂದಿನ ಬಾಗಿಲು ದಾಟಿದರೆ ಮನೆ. ಗುಲಗಂಜಿಯಲ್ಲಿ ತೂಗುವ ಕಸುಬು. ಮಾತನ್ನೂ ಹಾಗೇ ತೂಗುತ್ತಿದ್ದರು. ನಾನು ಹೊಸದೊಂದು ಅಣಕ ಕಲಿತರೆ ಮೊದಲ ಪ್ರದರ್ಶನ ಅವರ ಮುಂದೆ. ಊದುಗೊಳವೆ ಬಾಯಿಂದ ತೆಗೆಯದೆ ಕೇಳಿ, ಬೆಸುಗೆ ಮುಗಿದ ಮೇಲೆ ತೀರ್ಪು ಕೊಡುತ್ತಿದ್ದರು. "ಕಾಂಪೌಂಡ್ರು ಸರಿಯಾಗವ್ನೆ. ನಿಮ್ಮಪ್ಪ ಇನ್ನೂ ಎರಡು ಗುಂಜಿ ಕಮ್ಮಿ ಕಣ್ಲಾ, ಕ್ಯಾಸೆಟ್ಟು."

ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ, ಕ್ಯಾಸೆಟ್ಟು.

ಗುರಿ ಹೊಡೆಯುವ ಹುಚ್ಚು ಅವರಿಗೆ ಹಿಡಿದದ್ದು ಪಾಂಡವಪುರದ ಒಬ್ಬ ಹಳೇ ಮಿಲಿಟರಿ ಮನುಷ್ಯನಿಂದ. ಪದಕದ ಕಿತ್ತುಹೋದ ಪಿನ್ನಿಗೆ ಬೆಸುಗೆ ಹಾಕಿಸಲು ಬಂದಿದ್ದ ಆತ, ಆಚಾರ್ರು ಸಾಸಿವೆಗಿಂತ ಸಣ್ಣ ಬೆಸುಗೆ ಚೂರನ್ನು ಚಿಮುಟದಲ್ಲಿ ಎತ್ತಿ, ಉಸಿರು ಹಿಡಿದು, ಅದರ ಜಾಗದಲ್ಲಿ ಕೂರಿಸುವುದನ್ನು ನೋಡಿದ. "ಆಚಾರಿ, ಈ ಕೈನ ಇಲ್ಲಿ ಇಟ್ಕೊಂಡು ಏನ್ ಮಾಡ್ತಿದ್ದೀಯಯ್ಯ?" ಎಂದು ಕರೆದುಕೊಂಡು ಹೋಗಿ, ತನ್ನ ಆಲೆಮನೆಯಲ್ಲಿ, ಬೆಲ್ಲದ ಅಚ್ಚುಗಳ ಪಕ್ಕ ನಿಲ್ಲಿಸಿ, ಗಾಳಿ ಪಿಸ್ತೂಲು ಕೈಗೆ ಕೊಟ್ಟ. ಮೊದಲ ದಿನವೇ ಐದು ಗುಂಡು ಕಪ್ಪು ವೃತ್ತದೊಳಗೆ. ಅಲ್ಲಿಂದ ಭಾನುವಾರಗಳೆಲ್ಲ ಮೈಸೂರಿನ ಒಂದು ಕ್ಲಬ್ಬಿಗೆ ಹೋದವು. ಹತ್ತು ವರ್ಷ ಕ್ಲಬ್ಬಿನ ಹಳೆಯ ಪಿಸ್ತೂಲಿನಲ್ಲೇ ಹೊಡೆದರು. ಅದರ ವಾಷರು ಸವೆದು ಮೂಲೆ ಸೇರಿದಾಗ, ಉತ್ತರದ ಕಡೆಯ ಒಂದು ಕಾರ್ಖಾನೆಗೆ ಬರೆದು ಸ್ವಂತದ್ದೊಂದು ಹೊಸದನ್ನು ತರಿಸಿದರು.

ಅದು ಬಂದ ದಿನ ಆಚಾರ್ರ ಹೆಂಡತಿ ಆರತಿ ತಟ್ಟೆ ತಂದರು. ಆಯುಧ ಅಂದಮೇಲೆ ಕುಂಕುಮ ಇಡಬೇಕಲ್ಲ. ಆಮೇಲೆ ಆ ತಾಯಿ ಪಶ್ಚಾತ್ತಾಪಪಟ್ಟರು. ಗುರಿ ಹೊಡೆಯುವ ಜಾಗ ಅವರ ಹಿತ್ತಿಲು. ಬಚ್ಚಲ ಬಾಗಿಲಿನಿಂದ ಕಾಂಪೌಂಡಿನ ಹಲಗೆವರೆಗೆ ಸರಿಯಾಗಿ ಹತ್ತು ಮೀಟರು. "ಬಚ್ಚಲೊಲೆ ಉರಿ ಮುಂದಕ್ ತಳ್ಳಕ್ಕೂ ಇವ್ರನ್ನ ಕೇಳ್ಕಂಡು ಓಗ್ಬೇಕು ಕಣಪ್ಪ. ಬಿಸ್ನೀರಿಗೂ ಪರ್ಮಿಷನ್ನು!" ಎಂದು ನನ್ನ ಹತ್ತಿರ ದೂರಿದರು.

ಹೊಸ ಪಿಸ್ತೂಲು ಚೆಲ್ಲಾಡಿತು. ಒಂದು ಗುಂಡು ಕಪ್ಪಿನಲ್ಲಿ, ಮುಂದಿನದು ಮೇಲೆ, ಮತ್ತೊಂದು ಹಲಗೆಯನ್ನೇ ಬಿಟ್ಟು ಗೋಡೆಗೆ. ಒಂದು ವಾರ ಹೊಡೆದು, ಗುಂಡು ಬದಲಾಯಿಸಿ, ನಿಲ್ಲುವ ಜಾಗ ಬದಲಾಯಿಸಿ, ಕೊನೆಗೆ ಅಂಗಡಿಗೆ ಬಂದು ಹೇಳಿದರು: "ಮಾಲು ಸರಿಯಿಲ್ಲ ಕಣ್ಲಾ. ಒಳ್ಗೆ ಎಲ್ಲೋ ಲೂಜದೆ."

ಲೂಜಿರುವುದು ಎಲ್ಲಿ ಎಂದು ನನಗೆ ಗೊತ್ತಿತ್ತು.

ಅಣಕ ಮಾಡುವವನ ಕಣ್ಣು ಕೆಟ್ಟ ಕಣ್ಣು. ಬೇರೆಯವರು ಮುಖ ನೋಡಿದರೆ ನಾವು ಕೈ ನೋಡುತ್ತೇವೆ. ಆ ಯುಗಾದಿಯ ಸುಮಾರಿಗೆ ನಾನು ಆಚಾರ್ರನ್ನೇ ಕಲಿಯುತ್ತಿದ್ದೆ. ಕನ್ನಡಕದ ಮೇಲಿಂದ ಗಿರಾಕಿಯನ್ನು ನೋಡುವುದು, ಊದುವಾಗ ಉಬ್ಬುವ ಕೆನ್ನೆ, ಎಲ್ಲ ಬಂದಿತ್ತು. ಚಿಮುಟ ಎತ್ತುವುದು ಮಾತ್ರ ಕೈಗೂಡುತ್ತಿರಲಿಲ್ಲ. ನೋಡಿದೆ, ಮತ್ತೆ ನೋಡಿದೆ. ಚೂರು ಕೂರಿಸುವ ಕೊನೆಯ ಕ್ಷಣದಲ್ಲಿ ಬಲಗೈ ನಡುಗುತ್ತಿತ್ತು. ಒಂದೇ ಒಂದು ಕ್ಷಣ. ಸಿಕ್ಕಿತು ಎಂದುಕೊಂಡು ಸಂಜೆ ಟೀ ಅಂಗಡಿಯಲ್ಲಿ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. "ಥೂ, ಆಚಾರ್ರು ಎಲ್ಲಿ ಅಂಗೆ ನಡುಗ್ತಾರ್ಲಾ? ಸುಮ್ನೆ ಸೇರಿಸ್ಬುಟ್ಟವ್ನೆ," ಅಂದ ಒಬ್ಬ. ಮಾರನೆಯ ದಿನ ಅವನು ಉಂಗುರ ಸರಿ ಮಾಡಿಸುವ ನೆಪದಲ್ಲಿ ಹೋಗಿ ನೋಡಿ ಬಂದ. ಆಮೇಲೆ ಯಾರೂ ನಗಲಿಲ್ಲ. ನಾನೂ ಆ ಅಣಕ ಮಾಡಲಿಲ್ಲ. ನಡುಕದ ವಿಷಯ ಯಾರೂ ಅವರಿಗೆ ಹೇಳಲೂ ಇಲ್ಲ.

ಈಗ ಲೆಕ್ಕ ಸರಳವಾಗಿತ್ತು. ಪಿಸ್ತೂಲು ಕೆಟ್ಟಿದ್ದರೆ ಕೈ ಚೆನ್ನಾಗಿದೆ. ಪಿಸ್ತೂಲು ಚೆನ್ನಾಗಿದ್ದರೆ ಅಕ್ಕಸಾಲಿ ಮುಗಿದ. ಇನ್ನೊಬ್ಬರ ಕೈಲಿ ಐದು ಗುಂಡು ಹೊಡೆಸಿದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಅವರು ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆಷಾಢ ಕಳೆದು ಕಾರ್ತಿಕದ ಲಗ್ನಕ್ಕೆ ತಾಳಿ ಮಾಡಿಸಲು ಬಂದವರಿಗೆಲ್ಲ ಆಚಾರ್ರು, "ದೀಪಾವಳಿ ಕಳೀಲಿ, ನೋಡವ" ಎನ್ನತೊಡಗಿದರು.

"ಆಚಾರ್ರೇ, ನೀವೇ ಬಿಚ್ಚಿ ರಿಪೇರಿ ಮಾಡ್ಬಾರ್ದಾ? ಊರಿನ ಗಡಿಯಾರವೆಲ್ಲ ಬಿಚ್ಚಿದ್ದೀರಿ," ಎಂದೆ.

"ಹೊಸ ಮಾಲು ಕಣ್ಲಾ. ಇನ್ನೊಬ್ಬ ಕಸುಬುದಾರ ಮಾಡಿದ್ದು. ಅಳೇದಾದ್ರೆ ಯಾರ್ ಬೇಕಾದ್ರೂ ಬಿಚ್ಚಲಿ. ಹೊಸದನ್ನ ಮಾಡ್ದೋನ ಕೈಗೇ ವಾಪಸ್ ಕಳಿಸ್ಬೇಕು. ನಾನು ಮಾಡಿದ್ ಓಲೇನ ಇನ್ನೊಬ್ಬ ಬಿಚ್ಚಿದ್ರೆ ನಂಗೆ ಎಂಗಾಯ್ತದೆ?"

ಅವರ ಮನೆತನದ ಪದ್ಧತಿ ಅದು. ನಾಗಮಂಗಲದಲ್ಲಿ ಅಣ್ಣತಮ್ಮಂದಿರ ನಡುವೆಯೂ ಹಾಗೇ ನಡೆಯುತ್ತಿತ್ತಂತೆ. ಕಳಿಸುವುದಕ್ಕೂ ಒಂದು ಕ್ರಮ ಇತ್ತು. ಒಡವೆ ಸುತ್ತುವ ಗುಲಾಬಿ ಕಾಗದದಲ್ಲಿ ಪಿಸ್ತೂಲನ್ನು ಸುತ್ತಿ, ಹತ್ತಿ ತುಂಬಿ, ಮೇಲೆ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟರು. ಕಸುಬುದಾರನಿಂದ ಕಸುಬುದಾರನಿಗೆ ಕೆಲಸ ಹೋಗುವಾಗ ಬರಿಗೈಯಲ್ಲಿ ಹೋಗಬಾರದು.

ಕ್ರಮ ಎಲ್ಲ ಸರಿ. ಪೆಟ್ಟಿಗೆ ಮಾತ್ರ ಊರು ಬಿಡಲಿಲ್ಲ.

ಅಂಚೆ ಕಚೇರಿಯ ಗುಮಾಸ್ತರು, "ಒಳಗೇನಿದೆ?" ಎಂದರು.

"ಪಿಸ್ತೂಲು," ಎಂದರು ಆಚಾರ್ರು.

ಗುಮಾಸ್ತರು ಕುರ್ಚಿ ಸಮೇತ ಒಂದು ಮೊಳ ಹಿಂದೆ ಸರಿದರು. ನಾನು ಕಿವಿಯಲ್ಲಿ, "ಮಕ್ಳ ಆಟದ ಸಾಮಾನು ಅನ್ನಿ," ಎಂದು ಪಿಸುಗುಟ್ಟಿದೆ. ಆಚಾರ್ರು ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. "ಚಿನ್ನದ್ ಕೆಲಸ್ದೋನು ಒಂದ್ ಸಲ ಸುಳ್ಳೇಳಿದ್ರೆ ಅಂಗ್ಡಿ ಮುಚ್ಬೇಕಾಯ್ತದೆ. ನೀನು ದಿನಾ ಹೇಳು, ನಿಂದು ಕ್ಯಾಸೆಟ್ ಅಂಗ್ಡಿ."

ಗುಮಾಸ್ತರು ಪೊಲೀಸರ ಕಾಗದ ತನ್ನಿ ಎಂದರು. ಪೊಲೀಸರು ಪುಸ್ತಕ ನೋಡಿ, ಇದಕ್ಕೆ ಲೈಸೆನ್ಸೇ ಬೇಡ ಎಂದರು. ಹಾಗಾದರೆ ಬೇಡ ಎಂದು ಬರೆದುಕೊಡಿ ಎಂದರೆ, "ಬೇಕು ಅನ್ನೋದಕ್ಕೆ ಫಾರಂ ಅದೆ, ಬ್ಯಾಡ ಅನ್ನೋದಕ್ಕೆ ಎಲ್ಲದೆ? ತಾಲೂಕು ಆಫೀಸಿಗೆ ಓಗಿ," ಎಂದರು. ಆ ಕಚೇರಿಯಲ್ಲಿ ಒಬ್ಬರು ಕನ್ನಡಕ ಒರೆಸಿಕೊಳ್ಳುತ್ತ, "ನಾವು ಲೈಸೆನ್ಸ್ ಕೊಡೋರು ಕಣ್ರೀ. ಲೈಸೆನ್ಸ್ ಬೇಡ ಅಂತ ಕೊಟ್ರೆ ನಮ್ ಕೆಲಸ ಏನು?" ಎಂದರು. ನೀವು ಹುಟ್ಟಿದ ತಾಲೂಕಿನಲ್ಲಿ ಕೇಳಿ ಎಂದು ಒಬ್ಬರು ಕಳಿಸಿದರೆ, ಅಲ್ಲಿಯವರು ವಾಸ ಎಲ್ಲಿ, ಅಲ್ಲಿ ಕೇಳಿ ಎಂದು ವಾಪಸು ಕಳಿಸಿದರು. ಯಾವ ಕಚೇರಿ ಯಾವ ಊರಿನದು ಎಂದು ನಾನು ಬರೆಯುವುದಿಲ್ಲ. ನನ್ನ ಅಂಗಡಿಯ ಲೈಸೆನ್ಸು ರಿನ್ಯೂವಲ್ ಆಗಬೇಕಿದೆ.

ಒಂದೂವರೆ ತಿಂಗಳು ಆ ಪೆಟ್ಟಿಗೆ ಬಸ್ಸಿನಲ್ಲಿ ಅವರ ತೊಡೆಯ ಮೇಲೆ ಓಡಾಡಿತು. ಎಲೆ ಬಾಡಿದರೆ ಹೊಸ ಎಲೆ ಇಡುತ್ತಿದ್ದರು. ಪಕ್ಕದ ಸೀಟಿನವರು ಏನ್ ಸ್ವಾಮಿ ಅದು ಎಂದು ಕೇಳಿದರೆ ಪಿಸ್ತೂಲು ಎಂದೇ ಹೇಳುತ್ತಿದ್ದರು. ಸೀಟು ಖಾಲಿಯಾಗುತ್ತಿತ್ತು. ಆ ಖಾಲಿ ಸೀಟಿನಲ್ಲಿ ನಾನು ಕೂರುತ್ತಿದ್ದೆ. ಕೂತು, ಇವತ್ತೂ ಯಾರೂ ತೆಗೆದುಕೊಳ್ಳದಿರಲಿ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದೆ. ಪೆಟ್ಟಿಗೆ ಊರು ದಾಟದಿರುವವರೆಗೆ ಆಚಾರ್ರ ಕೈ ಚೆನ್ನಾಗಿರುತ್ತದೆ. ಊರಿನವರ ದನಿಯೆಲ್ಲ ನನ್ನ ಗಂಟಲಲ್ಲಿತ್ತು, ಆದರೆ ಪಕ್ಕದಲ್ಲಿ ಕೂತವರಿಗೆ "ಆಚಾರ್ರೇ, ನಿಮ್ಮ ಕೈ ನಡುಗ್ತದೆ" ಎಂದು ನನ್ನದೇ ದನಿಯಲ್ಲಿ ಹೇಳಲು ಆಗಲಿಲ್ಲ.

ಕೊನೆಗೆ ದಾರಿ ತೋರಿಸಿದವನೂ ನಾನೇ, ಜಾಣತನ ತೋರಿಸುವ ಚಟ. ಒಂದು ದಿನ ಕಚೇರಿಯ ಟಪಾಲು ಮೇಜಿನ ಮುಂದೆ ಬೇಸತ್ತು ನಿಂತಿದ್ದಾಗ ಗಮನಿಸಿದೆ. ಅಲ್ಲಿ ಕೂತವನು ಬಂದ ಕಾಗದಕ್ಕೆಲ್ಲ ಓದದೆ ದುಂಡು ಸೀಲು ಒತ್ತುತ್ತಿದ್ದ. "ಇದಕ್ಕೆ ಲೈಸೆನ್ಸ್ ಬೇಕಿಲ್ಲವೆಂದು ತಿಳಿಸುತ್ತೇನೆ" ಎಂದು ಆಚಾರ್ರ ಕೈಲೇ ಅರ್ಜಿ ಬರೆಸಿ ಎರಡು ಪ್ರತಿ ಕೊಟ್ಟೆ. ಎರಡಕ್ಕೂ ಟಪ್ ಟಪ್. ಒಂದನ್ನು ವಾಪಸು ಕೊಟ್ಟ. ಅಂಚೆಯ ಗುಮಾಸ್ತರು ಸೀಲು ನೋಡಿದರು, ಅರ್ಜಿ ನೋಡಲಿಲ್ಲ. "ಇದನ್ನ ಮೊದ್ಲೇ ತರಬಾರ್ದಿತ್ತಾ?" ಎಂದು ಪೆಟ್ಟಿಗೆ ಒಳಗೆಳೆದುಕೊಂಡರು.

ಆಚಾರ್ರು ನನಗೆ ಮಸಾಲೆ ದೋಸೆ ಕೊಡಿಸಿದರು. ಅರ್ಧ ಬಿಟ್ಟು ಎದ್ದೆ.

ದೀಪಾವಳಿಗೆ ನಾಲ್ಕು ದಿನ ಇರುವಾಗ ಪೆಟ್ಟಿಗೆ ವಾಪಸು ಬಂತು. ಪಿಸ್ತೂಲು, ಒಂದು ಟಾರ್ಗೆಟ್ ಕಾಗದ, ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಪತ್ರ. ಆಚಾರ್ರಿಗೆ ಇಂಗ್ಲಿಷು ಬರುತ್ತಿರಲಿಲ್ಲ. "ಓದ್ಲಾ, ಎರಡು ಸಲ ಪಿಯುಸಿ ಮಾಡಿದ್ದೀಯಲ್ಲ," ಎಂದು ನನ್ನ ಕೈಗೆ ಕೊಟ್ಟರು. ಅವರ ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

ಪತ್ರದಲ್ಲಿದ್ದದ್ದು ಇಷ್ಟು. ಪಿಸ್ತೂಲಿನಲ್ಲಿ ಯಾವ ದೋಷವೂ ಕಂಡುಬಂದಿಲ್ಲ, ಕೈಯಲ್ಲಿ ಹಿಡಿಯದೆ ಕಬ್ಬಿಣದ ಹಿಡಿಕಟ್ಟಿನಲ್ಲಿ ಬಿಗಿದು ಹೊಡೆದ ಐದು ಗುಂಡಿನ ಕಾಗದ ಲಗತ್ತಿಸಿದೆ. ದಯವಿಟ್ಟು ಪೆಟ್ಟಿಗೆಯಲ್ಲಿ ಎಲೆಗಳನ್ನು ಇಡಬೇಡಿ, ತೇವವಾಗುತ್ತದೆ.

ನಾನು ಗಂಟಲು ಸರಿಮಾಡಿಕೊಂಡೆ. ಉತ್ತರದ ಕಡೆಯ ಇಂಜಿನಿಯರು ಕನ್ನಡ ಮಾತಾಡಿದರೆ ಹೇಗಿರುತ್ತದೋ ಆ ದನಿಯಲ್ಲಿ ಶುರು ಮಾಡಿದೆ. "ಮಾನ್ಯ ಆಚಾರಿಜೀ, ನಿಮ್ಮದು ಕಂಪ್ಲೇಂಟು ಬಿಲ್ಕುಲ್ ಸರಿ ಇದೆ. ಒಳಗಡೆ ಸ್ಪ್ರಿಂಗು ಸೊಟ್ಟ ಆಗಿತ್ತು. ಅದು ನಮ್ಮದು ತಪ್ಪು. ನಮ್ಮ ಹಳೇ ಮಿಸ್ತ್ರಿ ಖುದ್ದು ಕೂತು ಬೇರೆ ಸ್ಪ್ರಿಂಗು ಹಾಕಿದ್ದಾನೆ. ನಿಮ್ಮಂಥ ಗುರಿಕಾರರಿಗೆ ತೊಂದರೆ ಕೊಟ್ಟಿದ್ದಕ್ಕೆ ಮಾಫಿ. ನಿಮ್ಮ ವೀಳ್ಯ ನೋಡಿ ಮಿಸ್ತ್ರಿಗೆ ಕಣ್ಣಲ್ಲಿ ನೀರು ಬಂತು..."

ಆಚಾರ್ರ ಹೆಂಡತಿ ಕಣ್ಣೊರೆಸಿಕೊಂಡು, "ನೋಡಿ, ನಾನ್ ಹೇಳ್ಳಿಲ್ವಾ, ಮಾಲೇ ಸರಿಯಿರ್ನಿಲ್ಲ," ಎಂದು ಒಳಗೆ ಹೋದರು. ಒಲೆಯ ಮೇಲೆ ಏನೋ ಇತ್ತು.

ಆಚಾರ್ರು ನನ್ನ ಮುಖ ನೋಡುತ್ತಿರಲಿಲ್ಲ. ಪತ್ರ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: "ಅದ್ರಲ್ಲಿ ಎರಡೇ ಸಾಲು ಅದೆ ಕಣ್ಲಾ. ನೀನು ಇಷ್ಟುದ್ದ ಓದ್ಬುಟ್ಟೆ."

ನಾನು ಪತ್ರವನ್ನು ಮಡಚಿ ಅವರ ಕೈಗೆ ವಾಪಸು ಕೊಟ್ಟೆ.

ಅವರು ಟಾರ್ಗೆಟ್ ಕಾಗದವನ್ನು ಬೆಳಕಿಗೆ ಹಿಡಿದರು. ಐದು ಗುಂಡಿಗೆ ಒಂದೇ ತೂತು, ಅಂಚು ಸ್ವಲ್ಪ ಹರಿದದ್ದು ಬಿಟ್ಟರೆ ಒಂದೇ. "ಒಳ್ಳೆ ಕೆಲಸ. ಪಾಪ, ಅವನ ಮ್ಯಾಲೆ ತಪ್ಪು ಹೊರಿಸ್ಬುಟ್ಟೆ," ಎಂದರು. ಕಾಗದವನ್ನು ಗಾಜಿನ ಪೆಟ್ಟಿಗೆಗೆ ಒರಗಿಸಿ ನನ್ನ ಕಡೆ ತಿರುಗಿದರು: "ಟೀ ಅಂಗ್ಡೀಲಿ ನನ್ನ ಮಾಡಿ ತೋರಿಸಿದ್ದೆಯಂತೆ. ಎಲ್ಲಿ, ಮಾಡು."

"ಬ್ಯಾಡಿ ಆಚಾರ್ರೇ."

"ಮಾಡ್ಲಾ. ಎಲ್ರೂ ನೋಡವ್ರೆ, ನಾನೊಬ್ನೇ ನೋಡಿಲ್ಲ."

ಅವರದೇ ಚಿಮುಟ ಕೈಗೆ ಕೊಟ್ಟರು. ನಾನು ಇದ್ದಿಲ ಕುಂಡದ ಮುಂದೆ ಕೂತೆ. ಕನ್ನಡಕದ ಮೇಲಿಂದ ನೋಡಿದೆ, ಕೆನ್ನೆ ಉಬ್ಬಿಸಿದೆ, ಇಲ್ಲದ ಚೂರನ್ನು ಎತ್ತಿದೆ. ಕೊನೆಯ ಕ್ಷಣಕ್ಕೆ ಬಂದಾಗ ನಿಲ್ಲಿಸಿಬಿಡಬೇಕು ಎನ್ನಿಸಿತು. ಆದರೆ ಈ ಮನುಷ್ಯ ನನ್ನಿಂದ ಆಗಲೇ ಒಂದು ಸುಳ್ಳು ಕೇಳಿಯಾಗಿತ್ತು. ನಡುಗಿಸಿದೆ. ಒರೆಗಲ್ಲಿನ ಮೇಲೆ ಚಿನ್ನದ ಗೆರೆ ನೋಡುವ ಹಾಗೆ ಬಗ್ಗಿ ನೋಡಿದರು.

"ಇಷ್ಟೊಂದಾ?" ಎಂದರು.

"ಈಗ ಇಷ್ಟು. ಆಗ ಕಮ್ಮಿ ಇತ್ತು."

"ಯಾವಾಗಿಂದ?"

"ಯುಗಾದಿಯಿಂದ."

ಬೆರಳು ಮಡಚಿ ಎಣಿಸತೊಡಗಿದರು. ಎಣಿಸಿದ್ದು ತಿಂಗಳನ್ನಲ್ಲ. "ಯುಗಾದಿಯಿಂದ ಆಷಾಢದವರೆಗೆ ಏಳು ತಾಳಿ ಮಾಡ್ಕೊಟ್ಟಿದ್ದೀನಿ ಕಣ್ಲಾ. ಏಳು ಹೆಣ್ಮಕ್ಳ ಕತ್ನಲ್ಲಿ ಅವೆ. ಬೆಸುಗೆ ಎಂಗೆ ಕೂತದೋ ಏನೋ." ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಡುಗುವ ಕೈಗೆ ಅವರು ಹೆದರಲಿಲ್ಲ. ಆ ಕೈ ಆಗಲೇ ಮಾಡಿ ಮುಗಿಸಿದ ಕೆಲಸಕ್ಕೆ ಹೆದರಿದರು.

ಹಬ್ಬ ಮುಗಿದ ಮಾರನೆಯ ದಿನ ಹೊರಟರು. ಚೀಲದಲ್ಲಿ ಊದುಗೊಳವೆ, ಬಿಳಿಗಾರ, ಚಿಮುಟ, ಒಂದಿಷ್ಟು ಇದ್ದಿಲು. ಹಿಂದೆ ನಾನು. ಕೆ.ಆರ್.ಎಸ್. ಕ್ವಾರ್ಟರ್ಸಿನ ಒಂದು ಮನೆ, ಪಾಂಡವಪುರ ಸ್ಟೇಷನ್ನಿನ ಹಿಂದೆ ಎರಡು, ನಾಗಮಂಗಲದ ಹಾದಿಯಲ್ಲಿ ಎರಡು, ಕೆ.ಆರ್.ಪೇಟೆ ಕಡೆ ಎರಡು. ಎಲ್ಲ ಕಡೆಯೂ ಒಂದೇ ಮಾತು. "ನನ್ ಕೆಲಸ ನೋಡಕ್ಕೆ ಬಂದೆ ಕಣವ್ವ. ಒಂಚೂರು ತೋರ್ಸು." ಸೊಸೆಯಂದಿರು ಸೆರಗಿನ ಮರೆಯಲ್ಲೇ ತಾಳಿಯನ್ನು ಮುಂದಕ್ಕೆ ಹಿಡಿಯುತ್ತಿದ್ದರು. ಭೂತಗನ್ನಡಿ ಹಿಡಿದ ಅವರ ಕೈ ನಡುಗುತ್ತಿತ್ತು. ಅದನ್ನು ವಯಸ್ಸು ಎಂದುಕೊಂಡು ಯಾರೂ ಕೇಳಲಿಲ್ಲ. ಒಬ್ಬಳ ಅತ್ತೆ ಮಾತ್ರ, "ಚಿನ್ನ ಕಮ್ಮಿ ಹಾಕಿದ್ಯಾ ಆಚಾರಿ, ಯಾಕ್ ಇಂಗೆ ಓಡ್ ಬಂದೆ?" ಎಂದು ಜರೆದಳು. ಅದನ್ನೂ ನುಂಗಿದರು. ಆರು ಮನೆಯ ಬೆಸುಗೆ ಸರಿಯಾಗಿತ್ತು.

ಏಳನೆಯದು ಹೇಮಗಿರಿ ಹತ್ತಿರದ ಹಳ್ಳಿ. ಹುಡುಗಿ ಹಿತ್ತಿಲಲ್ಲಿ ಹಸುವಿಗೆ ಹಿಂಡಿ ಕಲಸುತ್ತಿದ್ದಳು, ಕೈ ತೊಳೆದುಕೊಂಡು ಬಂದಳು. ಆಚಾರ್ರು ಭೂತಗನ್ನಡಿಯಲ್ಲಿ ನೋಡಿದರು. ಮತ್ತೆ ನೋಡಿದರು. ದಾರ ಪೋಣಿಸುವ ಕೊಂಡಿಯ ಬುಡದಲ್ಲಿ ಕೂದಲೆಳೆಯಷ್ಟು ಸಂದು. ಬೆಸುಗೆ ಒಂದು ಬದಿಗೆ ಕೂತೇ ಇರಲಿಲ್ಲ. ಇವತ್ತಲ್ಲ ನಾಳೆ ಹೊಲದಲ್ಲೋ ಕಾಲುವೆಯಲ್ಲೋ ಉದುರಿಹೋಗುತ್ತಿತ್ತು.

ಅವಳ ಅತ್ತೆ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಸೊಸೆಯ ಕತ್ತಿಗೆ ಹಾಕಿ, ತಾಳಿಯನ್ನು ಬಿಚ್ಚಿಕೊಟ್ಟರು. ಆಚಾರ್ರು ಜಗಲಿಯ ಮೇಲೆ ಇದ್ದಿಲು ಹೊತ್ತಿಸಿದರು. ಚಿಮುಟದಲ್ಲಿ ಚೂರು ಎತ್ತಿದರು, ಬಿತ್ತು. ಎತ್ತಿದರು, ಬಿತ್ತು. ಮೂರನೇ ಸಲ ನನ್ನ ಕಡೆ ನೋಡದೆ, "ಕೈ ಹಿಡ್ಕೊಳ್ಳೋ," ಎಂದರು.

ಎರಡೂ ಕೈಯಿಂದ ಅವರ ಮಣಿಕಟ್ಟನ್ನು ಹಿಡಿದೆ. ನಡುಕ ಮಣಿಕಟ್ಟಿನದು ಎಂದು ನಾನು ತಿಳಿದಿದ್ದೆ. ಅದು ಮೊಣಕೈ ದಾಟಿ, ಭುಜ ದಾಟಿ, ಎಲ್ಲಿಂದಲೋ ಒಳಗಿನಿಂದ ಬರುತ್ತಿತ್ತು. ಬಿಗಿ ಹಿಡಿದಷ್ಟೂ ನನ್ನ ತೋಳಿಗೆ ಹತ್ತುತ್ತಿತ್ತು. ಅವರು ಊದುಗೊಳವೆ ಕಚ್ಚಿಕೊಂಡು ಉಸಿರು ಹಿಡಿದರು. ನಾನೂ ಹಿಡಿದೆ. ಚೂರು ಜಾಗದಲ್ಲಿ ಕೂತಿತು, ಕೆಂಪಾಯಿತು, ಹರಿಯಿತು. ಸಂದು ಮುಚ್ಚಿತು.

ತಾಳಿ ಮತ್ತೆ ಕತ್ತಿಗೆ ಹೋಯಿತು. ಹುಡುಗಿ ನಮಗೆ ಮಜ್ಜಿಗೆ ತಂದುಕೊಟ್ಟು, ಕಂಬಕ್ಕೆ ಒರಗಿ ನಿಂತು, "ಮಾಗೀಲಿ ನಮ್ ತಂಗಿ ಮದ್ವೆ ಆಚಾರ್ರೇ. ಅವಳ್ದೂ ನೀವೇ ಮಾಡ್ಕೊಡ್ಬೇಕು," ಎಂದಳು.

"ಇಲ್ಲ ಕಣವ್ವ. ನಾನು ಇನ್ಮ್ಯಾಕೆ ಮಾಡಾಕಿಲ್ಲ."

ಯುಗಾದಿಯಿಂದ ಊರಿನಲ್ಲಿ ಯಾರೂ ಆಡದ ಮಾತು. ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದರು.

"ಅಯ್ಯೋ, ಯಾಕೆ?" ಎಂದಳು ಅವಳು.

ಅವರು ಲೋಟ ಹಿಡಿದ ಬಲಗೈಯನ್ನು ಅವಳ ಮುಂದೆ ನೇರವಾಗಿ ಚಾಚಿ, ಮಜ್ಜಿಗೆ ತುಳುಕಿ ಜಗಲಿಯ ಮೇಲೆ ಬೀಳುವವರೆಗೆ ಹಾಗೇ ಹಿಡಿದಿದ್ದರು.